ತಂತ್ರಾಂಶ ಬಾನುಲಿಯಲ್ಲಿ ವರ್ಧನೆಯ ಕಡಿವಾಣ

ವಾಲ್ವುಗಳಿಂದ ನಡೆಯುತ್ತಿದ್ದ ಹಳೆಯ ರೇಡಿಯೋ ಪೆಟ್ಟಿಗೆಗಳನ್ನು ಕಂಡವರಿಗೆ ಅವುಗಳಲ್ಲಿ ಕೆಲವದರ ಮುಖದ ಮೇಲಿದ್ದ ಹಸುರು ಕಣ್ಣಿನ ನೆನಪಿರಬಹುದು. ಸಂಜೆಯ ಹೊತ್ತಿನಲ್ಲಿ ಹ್ರಸ್ವ ತರಂಗಗಳ ಪಟ್ಟಿಯ ಮೇಲೆ ಮುಳ್ಳನ್ನು ಸರಿಸುತ್ತ ಹೋದಂತೆ, ನಿಲ್ದಾಣವೊಂದು ಸರಿಯಾಗಿ ಸಿಕ್ಕಿದೊಡನೆ ಆ ಕಣ್ಣಿನೊಳಗಿನ ಕಪ್ಪು ನೆರಳು ಕಿರಿದಾಗಿ ಹಸುರು ಬೆಳಕು ಹರಡಿಕೊಳ್ಳುತ್ತಿತ್ತು. ಅನಂತರ ಕೈಯನ್ನು ಹಿಂದೆಗೆದು ಕುಳಿತು ಕೇಳುವವನಿಗೆ ಇನ್ನೊಂದು ಸೋಜಿಗ ಕಾಣುತ್ತಿತ್ತು. ಹಾಡು ಒಂದೇ ಮಟ್ಟದಲ್ಲಿ ಕೇಳಿಬರುತ್ತಿದ್ದರೂ ಕಣ್ಣು ಮಾತ್ರ ಸುಮ್ಮನಿರುತ್ತಿರಲಿಲ್ಲ. ನಿಧಾನವಾಗಿ ಅರಳುವುದು, ಮುದುಡುವುದು, ಮತ್ತೆ ಅರಳುವುದು. ಕಿವಿಗೆ ತಿಳಿಯದ ಏರಿಳಿತವು ಆ ಕಣ್ಣಿಗೆ ತಿಳಿಯುತ್ತಿದ್ದುದು ಹೇಗೆ?

ದೂರದ ನಿಲ್ದಾಣದ ಅಲೆಗಳು ನೂರಾರು ಕಿಲೋಮೀಟರು ಎತ್ತರದಲ್ಲಿರುವ ಅಯಾನುಗೋಳದಲ್ಲಿ ಬಾಗಿ ಭೂಮಿಗೆ ಹಿಂದಿರುಗುತ್ತವೆ. ಆ ಪದರಗಳು ಸದಾ ಕದಲುತ್ತಿರುವುದರಿಂದ ನಮ್ಮ ಏರಿಯಲ್ಲಿಗೆ ತಲಪುವ ಅಲೆಯ ಬಲವು ಗಳಿಗೆಗೊಂದು ತೆರನಾಗಿರುತ್ತದೆ. ಪೆಟ್ಟಿಗೆಯೊಳಗಿನ ಒಂದು ಏರ್ಪಾಡು ಈ ಬಲವನ್ನು ಅಳೆಯುತ್ತಿದ್ದು, ಅಲೆ ಕುಗ್ಗಿದಾಗ ವರ್ಧನೆಯನ್ನು ಹೆಚ್ಚಿಸಿ, ಹಿಗ್ಗಿದಾಗ ತಗ್ಗಿಸಿ, ಕಿವಿಗೆ ಸಮನಾದ ಧ್ವನಿಯನ್ನು ಒದಗಿಸುತ್ತಿತ್ತು. ಹಸುರು ಕಣ್ಣು ತೋರಿಸುತ್ತಿದ್ದುದು ಆ ಏರ್ಪಾಡಿನ ದುಡಿಮೆಯನ್ನು. ಅದಕ್ಕೆ ಸ್ವಯಂಚಾಲಿತ ವರ್ಧನ ನಿಯಂತ್ರಣವೆಂದು ಹೆಸರು. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಎ.ಜಿ.ಸಿ. ಎಂದು ಕರೆಯುವುದು ರೂಢಿ.

ಇಂದಿನ ವಿದ್ಯಾರ್ಥಿಯು ಹೆಬ್ಬೆರಳ ಗಾತ್ರದ ಗ್ರಾಹಕವೊಂದನ್ನು ಕಂಪ್ಯೂಟರಿಗೆ ಸಿಕ್ಕಿಸಿ ರೇಡಿಯೋ ಕೇಳಬಹುದು. ತೆರೆಯ ಮೇಲೆ ‘ಎ.ಜಿ.ಸಿ.’ ಎಂದು ಬರೆದ ಒಂದು ಪುಟ್ಟ ಚೌಕವಿರುತ್ತದೆ. ಅದಕ್ಕೊಂದು ಗುರುತು ಹಾಕಿ ಮರೆತುಬಿಡುವವರೇ ಹೆಚ್ಚು. ಆ ಚೌಕದ ಹಿಂದೆ ಏನು ನಡೆಯುತ್ತದೆ, ಅದನ್ನು ಕಣ್ಣುಮುಚ್ಚಿ ನಂಬಿದರೆ ಯಾವ ತೊಂದರೆ ಬರುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ನೀರಗಂಟಿಯ ಕೆಲಸ

ಮೊದಲು ಸಂಕೇತಗಳ ಬಲದಲ್ಲಿರುವ ಅಂತರವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಊರಿನಲ್ಲಿಯೇ ಇರುವ ಪ್ರಬಲ ಪ್ರಸಾರ ಕೇಂದ್ರವೊಂದು ನಮ್ಮ ಏರಿಯಲ್ಲಿನಲ್ಲಿ 100 ಮಿಲಿವೋಲ್ಟುಗಳಷ್ಟು ಒತ್ತಡವನ್ನು ಉಂಟುಮಾಡಿತೆನ್ನಿ. ಸಾವಿರಾರು ಕಿಲೋಮೀಟರು ಆಚೆಯ ದುರ್ಬಲ ನಿಲ್ದಾಣದಿಂದ ಬರುವುದು ಒಂದೇ ಮೈಕ್ರೊವೋಲ್ಟು ಆಗಿರಬಹುದು. ಇವುಗಳ ನಡುವೆ ಒಂದು ಲಕ್ಷ ಪಟ್ಟು ವ್ಯತ್ಯಾಸವಿದೆ. ಶಕ್ತಿಯು ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ, ಶಕ್ತಿಯ ಲೆಕ್ಕದಲ್ಲಿ ಇದು ಸಾವಿರ ಕೋಟಿ ಪಟ್ಟು! ಇಷ್ಟು ಉದ್ದದ ಸಂಖ್ಯೆಗಳನ್ನು ಹೊತ್ತು ತಿರುಗುವುದು ಕಷ್ಟವಾದುದರಿಂದ ಎಂಜಿನಿಯರುಗಳು ಡೆಸಿಬೆಲ್ ಎಂಬ ಮಾನವನ್ನು ಬಳಸುತ್ತಾರೆ. ವೋಲ್ಟೇಜು ಹತ್ತು ಪಟ್ಟಾದರೆ 20 ಡೆಸಿಬೆಲ್. ಇಮ್ಮಡಿಯಾದರೆ ಸುಮಾರು 6. ನಮ್ಮ ಎರಡು ನಿಲ್ದಾಣಗಳ ನಡುವಣ ಅಂತರ, ಹಾಗಾದರೆ, 100 ಡೆಸಿಬೆಲ್. ಈ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಡಬೇಕು; ಮುಂದಿನ ತೊಡಕುಗಳೆಲ್ಲ ಇದರಿಂದಲೇ ಹುಟ್ಟುವಂಥವು.

ಮೊದಮೊದಲಿನ ರೇಡಿಯೋಗಳಲ್ಲಿ ಈ ಅಂತರವನ್ನು ಸರಿದೂಗಿಸುವ ಕೆಲಸ ಕೇಳುಗನದೇ ಆಗಿತ್ತು. ಒಂದು ಕೈ ನಿಲ್ದಾಣವನ್ನು ಹುಡುಕುವ ಗುಂಡಿಯ ಮೇಲೆ, ಇನ್ನೊಂದು ಕೈ ಧ್ವನಿಯ ಗುಂಡಿಯ ಮೇಲೆ. ದುರ್ಬಲ ನಿಲ್ದಾಣವನ್ನು ಕೇಳಲೆಂದು ಧ್ವನಿಯನ್ನು ಪೂರ್ತಿ ಏರಿಸಿಟ್ಟವನು ಮುಳ್ಳನ್ನು ಸರಿಸುವಾಗ ಊರ ನಿಲ್ದಾಣ ಎದುರಾದರೆ ಮನೆಯೇ ಅದುರುತ್ತಿತ್ತು. 1925ರಲ್ಲಿ ಅಮೆರಿಕದ ಹೆರಾಲ್ಡ್ ಆಲ್ಡನ್ ವೀಲರ್ ಎಂಬ ತರುಣ ಇದಕ್ಕೆ ಪರಿಹಾರವನ್ನು ಕಂಡುಹಿಡಿದನು. ಡಯೋಡು ವಾಲ್ವು ಅಲೆಯಿಂದ ಧ್ವನಿಯನ್ನು ಬೇರ್ಪಡಿಸುವಾಗ, ಅದರೊಡನೆ ಅಲೆಯ ಸರಾಸರಿ ಬಲಕ್ಕೆ ಅನುಗುಣವಾದ ನೇರ ವೋಲ್ಟೇಜೂ ದೊರೆಯುತ್ತದೆ. ಈ ವೋಲ್ಟೇಜನ್ನು ಋಣಾತ್ಮಕವಾಗಿ ಹಿಂದಿನ ವರ್ಧಕ ವಾಲ್ವುಗಳ ಗ್ರಿಡ್ಡಿಗೆ ಕೊಟ್ಟರೆ, ಅಲೆ ಬಲವಾದಷ್ಟೂ ವಾಲ್ವುಗಳು ತಮ್ಮ ವರ್ಧನೆಯನ್ನು ತಾವೇ ತಗ್ಗಿಸಿಕೊಳ್ಳುತ್ತವೆ. 1928ರಲ್ಲಿ ಜರ್ಮನಿಯ ಕಾರ್ಲ್ ಕ್ಯುಪ್ಫ್‌ಮ್ಯೂಲರ್ ಇಂತಹ ವ್ಯವಸ್ಥೆಗಳ ಗಣಿತವನ್ನು ಪ್ರಕಟಿಸಿದನು. 1930ರ ದಶಕದ ಆದಿಭಾಗದ ಹೊತ್ತಿಗೆ ಮಾರುಕಟ್ಟೆಗೆ ಬರುತ್ತಿದ್ದ ಹೆಚ್ಚಿನ ರೇಡಿಯೋಗಳಲ್ಲಿ ಈ ಏರ್ಪಾಡು ಸೇರಿಹೋಗಿತ್ತು.

ನಮ್ಮ ಹಳ್ಳಿಗಳ ಕೆರೆಗಳಲ್ಲಿ ತೂಬನ್ನು ನೋಡಿಕೊಳ್ಳುವ ನೀರಗಂಟಿಯ ಕೆಲಸವೂ ಇಂಥದೇ. ಕಾಲುವೆಯಲ್ಲಿ ನೀರು ಏರಿದರೆ ತೂಬನ್ನು ಇಳಿಸುವನು, ಇಳಿದರೆ ಎತ್ತುವನು. ಅವನ ಕಣ್ಣಿರುವುದು ಹೊರಗೆ ಹರಿಯುವ ನೀರಿನ ಮೇಲೆ. ಕೈಯಿರುವುದು ಒಳಗಿನಿಂದ ಬರುವ ನೀರಿನ ಮೇಲೆ. ಫಲವನ್ನು ನೋಡಿ ಕಾರಣವನ್ನು ತಿದ್ದುವ ಈ ಕ್ರಮಕ್ಕೆ ಫೀಡ್‌ಬ್ಯಾಕ್ ಎಂದು ಹೆಸರು. ತೂಬಿನಿಂದ ಅವನು ನಿಂತಿರುವ ಜಾಗಕ್ಕೆ ನೀರು ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆಂಬುದನ್ನೂ ಗಮನಿಸಬೇಕು. ನೀರಗಂಟಿಯು ಆತುರಗಾರನಾದರೆ, ನೀರು ಬರುವ ಮೊದಲೇ ತೂಬನ್ನು ಮತ್ತೆ ಮತ್ತೆ ಎತ್ತಿ, ಆಮೇಲೆ ಉಕ್ಕಿ ಬಂದ ನೀರನ್ನು ಕಂಡು ಗಾಬರಿಯಿಂದ ಇಳಿಸಿ, ಗದ್ದೆಗಳನ್ನು ಒಮ್ಮೆ ಮುಳುಗಿಸಿ ಒಮ್ಮೆ ಒಣಗಿಸುವನು. ಮಂದಗತಿಯವನಾದರೆ ಮಳೆ ಬಂದು ಹೋದ ಮೇಲೆ ತೂಬು ಇಳಿಸುವನು. ಎಷ್ಟು ಬೇಗ, ಎಷ್ಟು ನಿಧಾನ ಎಂಬುದೇ ಎ.ಜಿ.ಸಿ. ರಚನೆಯ ತಿರುಳು.

ಅಂಕಗಳ ಮೆಟ್ಟಿಲು

ತಂತ್ರಾಂಶ ಬಾನುಲಿ ಎಂದರೇನು? ಹಳೆಯ ಗ್ರಾಹಕದಲ್ಲಿ ಬೇಕಾದ ನಿಲ್ದಾಣವನ್ನು ಆರಿಸುವುದು, ಧ್ವನಿಯನ್ನು ಬೇರ್ಪಡಿಸುವುದು ಎಲ್ಲವೂ ಸುರುಳಿ, ಕೆಪಾಸಿಟರು, ವಾಲ್ವುಗಳ ಕೆಲಸ. ತಂತ್ರಾಂಶ ಬಾನುಲಿಯಲ್ಲಿಯಾದರೋ ಅಲೆಯನ್ನು ಆದಷ್ಟು ಬೇಗನೆ ಅಂಕಗಳನ್ನಾಗಿ ಮಾರ್ಪಡಿಸಿ, ಉಳಿದುದನ್ನೆಲ್ಲ ಲೆಕ್ಕಾಚಾರದಿಂದ ಸಾಧಿಸುತ್ತಾರೆ. ಈ ಕಲ್ಪನೆಗೆ ಹೆಸರು ಕೊಟ್ಟು ಪ್ರಸಿದ್ಧಿಗೆ ತಂದವರಲ್ಲಿ ಜೋಸೆಫ್ ಮಿಟೋಲ ಮುಖ್ಯನು; ಅವನ ಲೇಖನ ಪ್ರಕಟವಾದುದು 1992ರಲ್ಲಿ. ಬಹುಕಾಲ ಇದು ಸೈನ್ಯಕ್ಕೂ ದೊಡ್ಡ ಪ್ರಯೋಗಶಾಲೆಗಳಿಗೂ ಮಾತ್ರ ಎಟಕುವ ವಸ್ತುವಾಗಿತ್ತು. 2012ರಲ್ಲಿ, ಕಂಪ್ಯೂಟರಿನಲ್ಲಿ ಟೆಲಿವಿಷನ್ ನೋಡಲೆಂದು ಮಾರಾಟವಾಗುತ್ತಿದ್ದ ‘ಆರ್‌ಟಿಎಲ್’ ಎಂಬ ಚಿಪ್ಪುಳ್ಳ ಅಗ್ಗದ ಕಡ್ಡಿಗಳು ಅಲೆಯ ಅಂಕಗಳನ್ನು ಇದ್ದಂತೆಯೇ ಹೊರಕ್ಕೆ ಕೊಡಬಲ್ಲವೆಂಬ ಸಂಗತಿ ಹವ್ಯಾಸಿಗಳಲ್ಲಿ ಹರಡಿತು. ಅಂದಿನಿಂದ ಕಾಲೇಜು ವಿದ್ಯಾರ್ಥಿಯ ಮೇಜಿನ ಮೇಲೂ ಈ ವಿದ್ಯೆ ಬಂದು ಕುಳಿತಿದೆ.

ಅಲೆಯನ್ನು ಅಂಕಗಳನ್ನಾಗಿ ಮಾಡುವ ಭಾಗವನ್ನು ಅಂಕ ಪರಿವರ್ತಕ ಎನ್ನೋಣ. ಅದೊಂದು ಮೆಟ್ಟಿಲುಸಾಲು. ಮೇಲೆ ಹೇಳಿದ ಕಡ್ಡಿಯದು 8 ಬಿಟ್ಟುಗಳದು. ಎಂದರೆ ಅಲೆಯ ತಗ್ಗಿನಿಂದ ತುದಿಯವರೆಗೆ 256 ಮೆಟ್ಟಿಲುಗಳು. ಒಂದೊಂದು ಬಿಟ್ಟಿಗೂ ಸುಮಾರು 6 ಡೆಸಿಬೆಲ್‌ಗಳಂತೆ ಲೆಕ್ಕ ಹಾಕಿದರೆ, ಅದು ಒಮ್ಮೆಗೆ ಅಳೆಯಬಲ್ಲ ವ್ಯಾಪ್ತಿ 50 ಡೆಸಿಬೆಲ್‌ಗಳ ಸುತ್ತಮುತ್ತ. ಬೆಲೆಯುಳ್ಳ 14 ಬಿಟ್ಟಿನ ಪರಿವರ್ತಕಕ್ಕೆ ಸುಮಾರು 86. ಆದರೆ ಏರಿಯಲ್ಲಿನಲ್ಲಿ ಬರುವ ಸಂಕೇತಗಳ ಅಂತರ 100 ಡೆಸಿಬೆಲ್ ಎಂದು ಆಗಲೇ ನೋಡಿದೆವು. ನೂರು ಅಡಿಯ ಬಾವಿಗೆ ಐವತ್ತು ಅಡಿಯ ಏಣಿ ಇಳಿಬಿಟ್ಟಂತೆ ಆಯಿತು. ಏಣಿಯನ್ನು ಯಾವ ಎತ್ತರದಲ್ಲಿ ನಿಲ್ಲಿಸಬೇಕೆಂಬುದನ್ನು ಯಾರಾದರೂ ತೀರ್ಮಾನಿಸಲೇಬೇಕು.

ಆದುದರಿಂದ ತಂತ್ರಾಂಶ ಬಾನುಲಿಯಲ್ಲಿ ಎ.ಜಿ.ಸಿ.ಯ ಕೆಲಸ ಎರಡಾಗಿ ಒಡೆದುಕೊಳ್ಳುತ್ತದೆ. ಅಂಕ ಪರಿವರ್ತಕದ ಮುಂದೆ, ಅಲೆ ಇನ್ನೂ ಅಲೆಯಾಗಿಯೇ ಇರುವಲ್ಲಿ, ಒಬ್ಬ ಕಾವಲುಗಾರ. ಅಂಕಗಳಾದ ಮೇಲೆ, ಬೇಕಾದ ನಿಲ್ದಾಣವನ್ನು ಫಿಲ್ಟರಿನಿಂದ ಬೇರ್ಪಡಿಸಿದ ನಂತರ, ಇನ್ನೊಬ್ಬ. ಮೊದಲನೆಯವನ ಒಡೆಯ ಪರಿವರ್ತಕ. ಎರಡನೆಯವನ ಒಡೆಯ ನಮ್ಮ ಕಿವಿ. ಇಬ್ಬರೂ ಒಂದೇ ಹೆಸರಿನಿಂದ ಕರೆಯಲ್ಪಡುವುದರಿಂದ ಬಳಕೆದಾರರಲ್ಲಿ ಗೊಂದಲವೇ ಹೆಚ್ಚು.

ಹೊರಬಾಗಿಲ ಕಾವಲು

ಮೊದಲನೆಯ ಕಾವಲುಗಾರನ ಮುಂದೆ ಎರಡು ಅಪಾಯಗಳಿವೆ. ವರ್ಧನೆ ಹೆಚ್ಚಾದರೆ ಅಲೆಯ ನೆತ್ತಿಯು ಮೆಟ್ಟಿಲುಸಾಲಿನ ಕೊನೆಯನ್ನು ದಾಟುತ್ತದೆ. ಅದರಾಚೆಗೆ ಅಂಕವಿಲ್ಲ, ಅಲೆ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಅಲೆಗಳು ಒಂದರೊಡನೊಂದು ಬೆರೆತು ಇಲ್ಲದ ನಿಲ್ದಾಣಗಳನ್ನು ಹುಟ್ಟಿಸುತ್ತವೆ. ಬೆಂಗಳೂರಿನಲ್ಲಿ 101.3 ಮತ್ತು 102.9 ಮೆಗಾಹರ್ಟ್ಸ್‌ಗಳ ಎರಡು ಆಕಾಶವಾಣಿ ಎಫ್.ಎಂ. ನಿಲ್ದಾಣಗಳನ್ನು ತೆಗೆದುಕೊಳ್ಳೋಣ. ಒಂದರ ಆವೃತ್ತಿಯ ಇಮ್ಮಡಿಯಿಂದ ಇನ್ನೊಂದನ್ನು ಕಳೆದರೆ ದೊರೆಯುವ 99.7 ಮತ್ತು 104.5 ಮೆಗಾಹರ್ಟ್ಸ್‌ಗಳಲ್ಲಿ ಅವುಗಳ ದೆವ್ವಗಳು ಕಾಣಿಸಿಕೊಳ್ಳಬಹುದು. ಅಲ್ಲಿಯೇ ನಿಜವಾದ ದುರ್ಬಲ ನಿಲ್ದಾಣವೊಂದಿದ್ದರೆ ಅದು ಮುಚ್ಚಿಹೋಯಿತೆಂದೇ ಅರ್ಥ. ಒಮ್ಮೆ ಕತ್ತರಿಸಿಹೋದ ಅಲೆಯನ್ನು ಮುಂದೆ ಎಷ್ಟೇ ಗಣಿತ ಮಾಡಿದರೂ ಜೋಡಿಸಲಾಗದು.

ವರ್ಧನೆ ಕಡಮೆಯಾದರೆ ಇನ್ನೊಂದು ಬಗೆಯ ಕೇಡು. ದುರ್ಬಲ ಸಂಕೇತವು ಒಂದು ಮೆಟ್ಟಿಲಿನ ಎತ್ತರಕ್ಕೂ ಬಾರದೆ ಹೋಗುತ್ತದೆ. ಇಲ್ಲೊಂದು ಸ್ವಾರಸ್ಯವಾದ ವಿಷಯವುಂಟು. ಮೆಟ್ಟಿಲಿಗಿಂತ ಚಿಕ್ಕದಾದ ಸಂಕೇತ ಪೂರ್ತಿಯಾಗಿ ಕಳೆದೇಹೋಗುತ್ತದೆಂದು ಓದುಗರು ಊಹಿಸಬಹುದು, ಹಾಗೇನೂ ಇಲ್ಲ. ಏರಿಯಲ್ಲಿನಿಂದ ಸದಾ ಬರುತ್ತಿರುವ ಗೊರಗೊರ ಗದ್ದಲವು ಒಂದೆರಡು ಮೆಟ್ಟಿಲುಗಳಷ್ಟು ಎತ್ತರವಾಗಿದ್ದರೆ, ಆ ಗದ್ದಲದ ಬೆನ್ನೇರಿ ಪುಟ್ಟ ಸಂಕೇತವೂ ಮೆಟ್ಟಿಲುಗಳನ್ನು ದಾಟುತ್ತದೆ. ಸಂಕೇತವು ಮೇಲ್ಮುಖವಾಗಿದ್ದಾಗ ಅಂಕಗಳು ಕೊಂಚ ಹೆಚ್ಚು ಸಲ ಮೇಲಿನ ಮೆಟ್ಟಿಲನ್ನು ಮುಟ್ಟುತ್ತವೆ, ಕೆಳಮುಖವಾಗಿದ್ದಾಗ ಕೊಂಚ ಕಡಮೆ ಸಲ. ಸಾವಿರಾರು ಅಂಕಗಳ ಸರಾಸರಿ ತೆಗೆದಾಗ ಈ ‘ಕೊಂಚ’ವೇ ಸಂಕೇತವಾಗಿ ಹೊರಬರುತ್ತದೆ. ಸೆಕೆಂಡಿಗೆ 24 ಲಕ್ಷ ಅಂಕಜೋಡಿಗಳನ್ನು ತೆಗೆದು, ಅದರಿಂದ 3 ಕಿಲೋಹರ್ಟ್ಸ್ ಅಗಲದ ಒಂದು ಮಾತಿನ ಓಣಿಯನ್ನು ಫಿಲ್ಟರಿನಿಂದ ಬೇರ್ಪಡಿಸಿದರೆ, ಅಗಲಗಳ ನಡುವಣ 800 ಪಟ್ಟಿನ ವ್ಯತ್ಯಾಸದಿಂದಾಗಿ ಸುಮಾರು 29 ಡೆಸಿಬೆಲ್‌ಗಳ ಲಾಭ ಸಿಕ್ಕುತ್ತದೆ. ಐವತ್ತು ಅಡಿಯ ಏಣಿಗೆ ಇಪ್ಪತ್ತೊಂಬತ್ತು ಅಡಿಯ ತುಂಡೊಂದನ್ನು ಕಟ್ಟಿದ ಹಾಗೆ. ಗದ್ದಲವೇ ಇಲ್ಲಿ ಉಪಕಾರಿ!

ಒಳ್ಳೆಯ ಕಾವಲುಗಾರನು ಪಾಲಿಸಬೇಕಾದ ನಿಯಮ ಹೀಗೆ ದೊರೆಯುತ್ತದೆ. ಏರಿಯಲ್ಲಿನ ಗದ್ದಲವು ಕೆಳಗಿನ ಒಂದೆರಡು ಬಿಟ್ಟುಗಳನ್ನು ಅಲುಗಾಡಿಸುವಷ್ಟು ವರ್ಧನೆಯಿರಲಿ. ಅದಕ್ಕಿಂತ ಹೆಚ್ಚು ಬೇಡ. ಪ್ರಬಲ ಸಂಕೇತಗಳೆಲ್ಲ ಒಟ್ಟಾದಾಗಲೂ ನೆತ್ತಿಯ ಮೇಲೆ 6ರಿಂದ 10 ಡೆಸಿಬೆಲ್‌ಗಳಷ್ಟು ತೆರಪು ಉಳಿದಿರಲಿ. ಎರಡೂ ಒಟ್ಟಿಗೆ ಸಾಧ್ಯವಾಗದಿದ್ದರೆ ಆ ಗ್ರಾಹಕಕ್ಕೆ ಆ ಜಾಗ ಒಗ್ಗದು. ಮುಂದೆ ಇನ್ನೊಂದು ಫಿಲ್ಟರನ್ನು ಜೋಡಿಸಬೇಕು.

ಕಾವಲುಗಾರನು ಎಲ್ಲಿ ನಿಂತು ನೋಡುತ್ತಾನೆಂಬುದೂ ಮುಖ್ಯ. ಇದನ್ನು ನಾನು ಕಲಿತದ್ದು ಒಂದು ಸಂಜೆಯನ್ನು ಕಳೆದುಕೊಂಡು. ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಿಂದ ಹವ್ಯಾಸಿ ಬಾನುಲಿಯ ಮಾತುಕತೆ 145.8 ಮೆಗಾಹರ್ಟ್ಸ್‌ನಲ್ಲಿ ಕೆಳಗೆ ಬರುವುದುಂಟು. 2025ರ ಜುಲೈ ತಿಂಗಳಲ್ಲಿ ಶುಭಾಂಶು ಶುಕ್ಲ ಅವರು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ನೆರೆದಿದ್ದ ವಿದ್ಯಾರ್ಥಿಗಳೊಡನೆ ಮಾತನಾಡಿದುದು ಹವ್ಯಾಸಿ ಬಾನುಲಿಯ ಮೂಲಕವೇ. ನಿಲ್ದಾಣವು ದಿಗಂತದಲ್ಲಿ ಮೂಡಿ ಮುಳುಗುವುದರೊಳಗೆ ಸಿಕ್ಕುವುದು ಹೆಚ್ಚೆಂದರೆ ಹತ್ತು ನಿಮಿಷ. ದಿಗಂತದಲ್ಲಿದ್ದಾಗ ಅದರ ದೂರ ಎರಡು ಸಾವಿರ ಕಿಲೋಮೀಟರಿಗೂ ಮೇಲು. ನೆತ್ತಿಯ ಮೇಲೆ ಬಂದಾಗ ನಾನೂರರ ಸುತ್ತಮುತ್ತ. ಐದು ಪಟ್ಟು ದೂರವೆಂದರೆ ಶಕ್ತಿಯಲ್ಲಿ ಇಪ್ಪತ್ತೈದು ಪಟ್ಟು, ಎಂದರೆ 14 ಡೆಸಿಬೆಲ್, ಕೊರತೆ. ಆದುದರಿಂದ ಮೊದಲ ನಿಮಿಷಗಳಲ್ಲಿ ವರ್ಧನೆ ಆದಷ್ಟು ಹೆಚ್ಚಾಗಿರಲೆಂದು ನಾನು ಎಲ್ಲವನ್ನೂ ‘ಸ್ವಯಂಚಾಲಿತ’ಕ್ಕೆ ಬಿಟ್ಟು, ತಾರಸಿಯ ಮೇಲೆ ಪಕ್ಕದ ಮನೆಯ ಹುಡುಗರನ್ನೂ ಕೂಡಿಸಿಕೊಂಡು ಕಾದಿದ್ದೆ. ಕೇಳಿಬಂದದ್ದು ಬರಿಯ ಗೊರಗೊರ ಸದ್ದು, ನಡುನಡುವೆ ಯಾವುದೋ ಚಿತ್ರಗೀತೆಯ ತುಣುಕು.

ಕಾರಣವನ್ನು ಆಮೇಲೆ ಹುಡುಕಿದೆ. ಸ್ವಯಂಚಾಲಿತ ಏರ್ಪಾಡು ಅಲೆಯ ಬಲವನ್ನು ಅಳೆಯುತ್ತಿದ್ದುದು ಫಿಲ್ಟರಿನ ನಂತರ, 145.8ರ ಅಕ್ಕಪಕ್ಕದ ಕಿರಿದಾದ ಪಟ್ಟಿಯಲ್ಲಿ. ಅಲ್ಲಿ ದುರ್ಬಲ ಸಂಕೇತ ಮಾತ್ರವೇ ಕಾಣುತ್ತಿದ್ದುದರಿಂದ ಅದು ವರ್ಧನೆಯನ್ನು ತುದಿಗೇರಿಸಿತ್ತು. ಫಿಲ್ಟರಿಗೆ ಮೊದಲಿದ್ದ ವರ್ಧಕದ ಮೇಲೆ ಊರಿನ ಎಫ್.ಎಂ. ಕೇಂದ್ರಗಳೆಲ್ಲ ಮುಗಿಬಿದ್ದು ಅದನ್ನು ಉಸಿರುಗಟ್ಟಿಸಿದ್ದವು. ಒಳಮನೆಯಲ್ಲಿ ಕುಳಿತ ಕಾವಲುಗಾರನಿಗೆ ಹೊರಬಾಗಿಲಿನ ನೂಕುನುಗ್ಗಲು ತಿಳಿಯಲೇ ಇಲ್ಲ. ಮುಂದಿನ ಸಲ ವರ್ಧನೆಯನ್ನು ಕೈಯಿಂದಲೇ ನಾಲ್ಕೈದು ಹಂತ ಇಳಿಸಿಟ್ಟೆ. ಸಂಕೇತ ಸ್ವಲ್ಪ ಕುಗ್ಗಿತು. ಗದ್ದಲವೋ ಅದಕ್ಕಿಂತ ಬಹಳ ಹೆಚ್ಚು ಕುಗ್ಗಿತು. ಮಾತು ಮೇಲಕ್ಕೆ ಬಂತು. ವರ್ಧನೆ ತಗ್ಗಿಸಿದರೆ ಚೆನ್ನಾಗಿ ಕೇಳುತ್ತದೆಂಬುದನ್ನು ಹುಡುಗರು ಮೊದಲು ನಂಬಲಿಲ್ಲ. ಬಲವನ್ನು ಅಳೆಯಬೇಕಾದುದು ಅಪಾಯವಿರುವ ಜಾಗದಲ್ಲಿ. ಒಳ್ಳೆಯ ಗ್ರಾಹಕಗಳಲ್ಲಿ ಫಿಲ್ಟರಿಗೆ ಮುಂಚೆ ಒಂದು, ಅನಂತರ ಒಂದು, ಹೀಗೆ ಎರಡು ಅಳತೆಗಾರರನ್ನು ಇಡುವುದು ಇದಕ್ಕಾಗಿಯೇ.

ಒಳಗಿನ ಲೆಕ್ಕ

ಎರಡನೆಯ ಕಾವಲುಗಾರನು ಪೂರ್ತಿಯಾಗಿ ಅಂಕಗಳ ಲೋಕದವನು. ಅವನ ಕೆಲಸವನ್ನು ಒಂದು ಗುಣಾಕಾರ, ಒಂದು ವ್ಯವಕಲನ, ಒಂದು ಸಂಕಲನಗಳಲ್ಲಿ ಹೇಳಿಬಿಡಬಹುದು. ಬಂದ ಅಂಕವನ್ನು ವರ್ಧನಾಂಕದಿಂದ ಗುಣಿಸು. ಫಲವು ಬೇಕಾದ ಮಟ್ಟಕ್ಕಿಂತ ಎಷ್ಟು ಕಡಮೆಯೆಂದು ನೋಡು. ಆ ಕೊರತೆಯ ಒಂದು ಸಣ್ಣ ಪಾಲನ್ನು ವರ್ಧನಾಂಕಕ್ಕೆ ಕೂಡಿಸು. ಫಲವು ಹೆಚ್ಚಾಗಿದ್ದರೆ ಕೊರತೆ ಋಣವಾಗುವುದರಿಂದ ವರ್ಧನಾಂಕ ತಾನಾಗಿ ಇಳಿಯುತ್ತದೆ. ನೋಡಲು ಇಷ್ಟು ಸುಲಭವಾದ ಈ ಸೂತ್ರದಲ್ಲಿ ಒಂದು ಮೋಸ ಅಡಗಿದೆ.

ಬೇಕಾದ ಮಟ್ಟ 1 ಎಂದೂ ಕೂಡಿಸಬೇಕಾದ ಪಾಲು ಹತ್ತನೆಯ ಒಂದು ಎಂದೂ ಇಟ್ಟುಕೊಳ್ಳೋಣ. ಬರುವ ಸಂಕೇತದ ಪಾರ 1 ಆಗಿದ್ದರೆ ಪ್ರತಿ ಹೆಜ್ಜೆಗೂ ತಪ್ಪು ಹತ್ತರಲ್ಲಿ ಒಂದು ಪಾಲು ಕಡಮೆಯಾಗುತ್ತ, ಹತ್ತು ಹೆಜ್ಜೆಗಳ ಅಳತೆಯಲ್ಲಿ ಸರಿಹೋಗುತ್ತದೆ. ಪಾರ 0.01 ಆಗಿದ್ದರೆ? ಬೇಕಾದ ವರ್ಧನಾಂಕ 100. ಆದರೆ ವರ್ಧನಾಂಕ ಒಂದಿಷ್ಟು ಏರಿದಾಗ ಫಲವು ಅದರ ನೂರನೆಯ ಒಂದರಷ್ಟೇ ಏರುವುದರಿಂದ, ಪ್ರತಿ ಹೆಜ್ಜೆಗೆ ತಪ್ಪು ಸಾವಿರದಲ್ಲಿ ಒಂದು ಪಾಲು ಮಾತ್ರ ತಗ್ಗುತ್ತದೆ. ಹಿಂದೆ ಹತ್ತು ಹೆಜ್ಜೆಯಾದದ್ದಕ್ಕೆ ಈಗ ಸಾವಿರ ಹೆಜ್ಜೆ. ಇನ್ನು ಪಾರ 25 ಆಗಿದ್ದರೆ ನಡೆಯುವುದು ಅನಾಹುತ. ವರ್ಧನಾಂಕವು 0.04ರಲ್ಲಿ ನಿಲ್ಲಬೇಕು. ಅದು 0.05ರಲ್ಲಿದೆ ಎನ್ನಿ. ಮೊದಲ ಹೆಜ್ಜೆಗೆ 0.025ಕ್ಕೆ ಕುಸಿಯುತ್ತದೆ, ಮುಂದಿನದಕ್ಕೆ 0.0625ಕ್ಕೆ ಜಿಗಿಯುತ್ತದೆ, ಮತ್ತಿನದಕ್ಕೆ 0.00625. ಪ್ರತಿ ಸಲವೂ ತಪ್ಪು ಒಂದೂವರೆ ಪಟ್ಟು ಬೆಳೆಯುತ್ತ ದಿಕ್ಕು ಬದಲಿಸುತ್ತದೆ. ಇವನೇ ನಾವು ಮೊದಲು ಕಂಡ ಆತುರದ ನೀರಗಂಟಿ! ಒಂದೇ ಸೂತ್ರ, ಒಂದೇ ಪಾಲು. ದುರ್ಬಲ ಸಂಕೇತಕ್ಕೆ ಸೋಮಾರಿ, ಪ್ರಬಲ ಸಂಕೇತಕ್ಕೆ ಹುಚ್ಚ.

ಪರಿಹಾರ ಲಾಗರಿತಮಿನಲ್ಲಿದೆ. ಸಂಕೇತದ ಬಲ, ಬೇಕಾದ ಮಟ್ಟ, ವರ್ಧನೆ ಇವೆಲ್ಲವನ್ನೂ ಡೆಸಿಬೆಲ್‌ಗಳಲ್ಲಿ ಬರೆದರೆ ಗುಣಾಕಾರವು ಸಂಕಲನವಾಗುತ್ತದೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಬಲ್ಲನು. ಆಗ ಸಂಕೇತ ಎಷ್ಟೇ ದೊಡ್ಡದಿರಲಿ ಚಿಕ್ಕದಿರಲಿ, ವರ್ಧನೆ ಒಂದು ಡೆಸಿಬೆಲ್ ಏರಿದರೆ ಫಲವೂ ಒಂದು ಡೆಸಿಬೆಲ್ ಏರುತ್ತದೆ. ಕೊರತೆ 40 ಡೆಸಿಬೆಲ್ ಇದ್ದರೆ ಮೊದಲ ಹೆಜ್ಜೆಗೆ 36, ಮರುಹೆಜ್ಜೆಗೆ 32.4, ಹೀಗೆ ಇಳಿಯುತ್ತ 22 ಹೆಜ್ಜೆಗಳಲ್ಲಿ ಹತ್ತನೆಯ ಒಂದಕ್ಕೆ ಬರುತ್ತದೆ. 40 ಡೆಸಿಬೆಲ್ ಹೆಚ್ಚಾಗಿದ್ದರೂ ಅಷ್ಟೇ ಹೆಜ್ಜೆಗಳು. ಕಾಲದ ಅಳತೆಯು ಸಂಕೇತದ ಬಲದಿಂದ ಬಿಡುಗಡೆ ಹೊಂದಿತು. ಒಂದು ಎಚ್ಚರಿಕೆ ಮಾತ್ರ ಬೇಕು: ಸೊನ್ನೆಗೆ ಲಾಗರಿತಮ್ ಇಲ್ಲ. ಸಂಕೇತವೇ ಇಲ್ಲದಾಗ ಸೂತ್ರವು ವರ್ಧನೆಯನ್ನು ಅನಂತಕ್ಕೆ ಏರಿಸಹೋಗುತ್ತದೆ. ಆದುದರಿಂದ ವರ್ಧನೆಗೆ ಒಂದು ಮೇಲ್ಮಿತಿಯನ್ನು ಕಟ್ಟುತ್ತಾರೆ. ಇಲ್ಲವಾದರೆ ಖಾಲಿ ಆವೃತ್ತಿಯ ಗದ್ದಲವು ಊರ ನಿಲ್ದಾಣದಷ್ಟೇ ಜೋರಾಗಿ ಅಬ್ಬರಿಸುವುದು.

ಎಷ್ಟು ಬೇಗ, ಎಷ್ಟು ನಿಧಾನ

ಕಿವಿಯನ್ನು ಮೆಚ್ಚಿಸುವುದು ಪರಿವರ್ತಕವನ್ನು ಕಾಪಾಡುವುದಕ್ಕಿಂತ ಸೂಕ್ಷ್ಮವಾದ ಕೆಲಸ. ಪಾರದ ಏರಿಳಿತದಲ್ಲಿಯೇ ಧ್ವನಿಯನ್ನು ಹೊತ್ತು ತರುವ ಎ.ಎಂ. ಪ್ರಸಾರವನ್ನು ನೋಡಿ. ಮೃದಂಗದ ತಗ್ಗು ಸ್ವರವೊಂದು ಸೆಕೆಂಡಿಗೆ 50 ಸಲ ಕಂಪಿಸಿದರೆ, ಅಲೆಯ ಪಾರವೂ 20 ಮಿಲಿಸೆಕೆಂಡುಗಳಿಗೊಮ್ಮೆ ಏರಿ ಇಳಿಯುತ್ತದೆ. ನಮ್ಮ ಎ.ಜಿ.ಸಿ. 2 ಮಿಲಿಸೆಕೆಂಡುಗಳಲ್ಲಿ ಎಲ್ಲವನ್ನೂ ಸಮಮಾಡುವಷ್ಟು ಚುರುಕಾದರೆ ಮೃದಂಗವನ್ನೇ ಸಮಮಾಡಿ ಅಳಿಸಿಹಾಕುವುದು. ಆದುದರಿಂದ ಇಲ್ಲಿ ಅಳೆಯಬೇಕಾದುದು ವಾಹಕ ತರಂಗದ ನಿಧಾನವಾದ ಸರಾಸರಿಯನ್ನು.

ಹವ್ಯಾಸಿಗಳು ಹ್ರಸ್ವ ತರಂಗಗಳಲ್ಲಿ ಬಳಸುವ ಏಕಪಾರ್ಶ್ವ ಪ್ರಸಾರದಲ್ಲಿ ತೊಡಕು ಬೇರೆ. ಅಲ್ಲಿ ವಾಹಕ ತರಂಗವೇ ಇರುವುದಿಲ್ಲ. ಮಾತಿದ್ದರೆ ಅಲೆ, ಮೌನವಿದ್ದರೆ ಏನೂ ಇಲ್ಲ. ಮಾತಿನ ಮೊದಲಕ್ಷರ ಬಂದೊಡನೆ ವರ್ಧನೆ ಕೆಲವೇ ಮಿಲಿಸೆಕೆಂಡುಗಳಲ್ಲಿ ಇಳಿಯಬೇಕು. ಇಲ್ಲದಿದ್ದರೆ ಕಿವಿಗೆ ಗುದ್ದಿದಂತಾಗುತ್ತದೆ. ಆದರೆ ಎರಡು ಪದಗಳ ನಡುವಣ ತೆರಪಿನಲ್ಲಿ ಅದೇ ವೇಗದಿಂದ ಏರಿದರೆ, ಪ್ರತಿಯೊಂದು ತೆರಪಿನಲ್ಲಿಯೂ ಗದ್ದಲ ಉಬ್ಬಿ ಬಂದು, ಮಾತನಾಡುವವನು ಏದುಸಿರು ಬಿಡುತ್ತಿರುವಂತೆ ಕೇಳಿಸುವುದು. ಅದಕ್ಕಾಗಿ ಇಳಿಯುವ ವೇಗ ಒಂದು, ಏರುವ ವೇಗ ಇನ್ನೊಂದು: ಇಳಿಯಲು ಮಿಲಿಸೆಕೆಂಡುಗಳು, ಏರಲು ಅರ್ಧ ಸೆಕೆಂಡು, ಒಂದು ಸೆಕೆಂಡು. ಇನ್ನೂ ಉತ್ತಮವಾದ ಕ್ರಮದಲ್ಲಿ, ಮಾತು ನಿಂತ ಮೇಲೆ ವರ್ಧನೆಯನ್ನು ಸ್ವಲ್ಪ ಹೊತ್ತು ಇದ್ದಲ್ಲಿಯೇ ಹಿಡಿದಿಟ್ಟು, ನಿಜವಾಗಿಯೂ ಮಾತು ಮುಗಿಯಿತೆಂದು ಖಚಿತವಾದ ಮೇಲೆ ಏರಿಸುತ್ತಾರೆ. ಮೋರ್ಸ್ ಸಂಕೇತಗಳನ್ನು ಕೇಳುವವರು ಈ ಹಿಡಿತ ಚಿಕ್ಕದಾಗಿರಲೆಂದು ಬಯಸುತ್ತಾರೆ. ಅವರಿಗೆ ಬಲವಾದವನ ಚುಕ್ಕೆಗಳ ನಡುವೆ ದುರ್ಬಲನ ಉತ್ತರ ಕೇಳಬೇಕು.

ಮುಂಗಾರಿನ ಮೊದಲ ಗುಡುಗುಮಳೆಗಳ ಕಾಲದಲ್ಲಿ ಈ ಕ್ರಮದ ದೋಷವೊಂದು ಬಯಲಾಗುತ್ತದೆ. ಎಲ್ಲೋ ದೂರದಲ್ಲಿ ಮಿಂಚು ಹೊಡೆದರೆ ರೇಡಿಯೋದಲ್ಲಿ ‘ಚಟ್’ ಎಂಬ ಕ್ಷಣಮಾತ್ರದ ಸದ್ದು. ಚುರುಕಾದ ಕಾವಲುಗಾರ ಅದನ್ನು ಮಹಾ ಸಂಕೇತವೆಂದು ತಿಳಿದು ವರ್ಧನೆಯನ್ನು ನೆಲಕ್ಕಿಳಿಸುವನು, ಏರುವುದೋ ನಿಧಾನ. ಒಂದು ಮಿಲಿಸೆಕೆಂಡಿನ ಚಟಕಾರಕ್ಕೆ ಒಂದು ಸೆಕೆಂಡಿನ ಕಿವುಡು! ಮಿಂಚು ಮೇಲಿಂದ ಮೇಲೆ ಹೊಡೆಯುತ್ತಿದ್ದರೆ ದುರ್ಬಲ ನಿಲ್ದಾಣವನ್ನು ಕೇಳುವ ಆಸೆಯನ್ನೇ ಬಿಡಬೇಕು. ಆದುದರಿಂದ ಎರಡು ಅಳತೆಗಳನ್ನು ಒಟ್ಟಿಗೆ ನಡೆಸುತ್ತಾರೆ. ಒಂದು ಬೇಗ ಏರಿ ಬೇಗ ಇಳಿಯುವುದು, ಮಿಂಚಿನಂಥ ಚಟಕಾರಗಳಿಗಾಗಿ. ಇನ್ನೊಂದು ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವುದು, ಮಾತಿಗಾಗಿ. ಆಯಾ ಕ್ಷಣದಲ್ಲಿ ಯಾವುದು ಹೆಚ್ಚು ತೋರಿಸುವುದೋ ಅದಕ್ಕೆ ವರ್ಧನೆ ಮಣಿಯುತ್ತದೆ. ಚಟಕಾರವು ಚಿಕ್ಕದಾದುದರಿಂದ ನಿಧಾನದ ಅಳತೆ ಅದನ್ನು ಗಮನಿಸುವುದರೊಳಗೆ ಎಲ್ಲವೂ ಮುಗಿದಿರುತ್ತದೆ.

ವಾಲ್ವುಗಳ ಕಾಲದಲ್ಲಿ ಸಾಧ್ಯವಿರದಿದ್ದ ಇನ್ನೊಂದು ಉಪಾಯ ತಂತ್ರಾಂಶಕ್ಕೆ ಅತಿ ಸುಲಭ. ಅಂಕಗಳನ್ನು ಸ್ಮೃತಿಯಲ್ಲಿ ಕೆಲವು ಮಿಲಿಸೆಕೆಂಡುಗಳ ಕಾಲ ತಡೆದಿಟ್ಟು, ಅಳತೆಯನ್ನು ಮಾತ್ರ ತಡವಿಲ್ಲದ ಅಂಕಗಳ ಮೇಲೆ ನಡೆಸಬಹುದು. ಆಗ ನೆತ್ತಿಯು ಗುಣಾಕಾರಕ್ಕೆ ಬಂದು ತಲಪುವ ಮೊದಲೇ ವರ್ಧನೆ ಇಳಿದು ಸಿದ್ಧವಾಗಿರುತ್ತದೆ. ಮಳೆ ಬರುವ ಮುನ್ನವೇ ತೂಬು ಇಳಿಸುವ ನೀರಗಂಟಿ ಇವನು. ಕೆಲವು ಮಿಲಿಸೆಕೆಂಡುಗಳ ತಡವು ಕೇಳುವವನಿಗೆ ತಿಳಿಯುವುದೇ ಇಲ್ಲ.

ಎಂಟು ಮೈಕ್ರೊಸೆಕೆಂಡುಗಳ ಅವಕಾಶ

ಕೇಳುವವನು ಮನುಷ್ಯನಲ್ಲದೆ ಯಂತ್ರವಾದರೆ ನಿಯಮಗಳು ಬದಲಾಗುತ್ತವೆ. ಮನೆಯ ವೈ-ಫೈ ಸಂಕೇತದಲ್ಲಿ ಪಾರದ ಒಂದೊಂದು ಮಟ್ಟಕ್ಕೂ ಅರ್ಥವಿದೆ. ಸಂದೇಶದ ನಡುವೆ ವರ್ಧನೆ ಬದಲಾದರೆ ಅರ್ಥವೇ ಬದಲಾದೀತು. ಅದರ ರೂಪರೇಷೆಗಳನ್ನು ಬರೆದವರು ಇದಕ್ಕೊಂದು ಏರ್ಪಾಡು ಮಾಡಿದ್ದಾರೆ. 1999ರ ‘802.11ಎ’ ಎಂಬ ಮಾನಕದಲ್ಲಿ ಪ್ರತಿಯೊಂದು ಸಂದೇಶವೂ 8 ಮೈಕ್ರೊಸೆಕೆಂಡುಗಳ ಒಂದು ಪೀಠಿಕೆಯಿಂದ ಆರಂಭವಾಗುತ್ತದೆ. 0.8 ಮೈಕ್ರೊಸೆಕೆಂಡಿನ ಒಂದೇ ವಿನ್ಯಾಸ ಅದರಲ್ಲಿ ಹತ್ತು ಸಲ ಬರುತ್ತದೆ. ಸಂದೇಶ ಬಂದಿದೆಯೆಂದು ಗುರುತಿಸಿ, ಬಲವನ್ನು ಅಳೆದು, ಎ.ಜಿ.ಸಿ. ತನ್ನ ತೀರ್ಮಾನವನ್ನು ಅಷ್ಟರೊಳಗೆ ಮುಗಿಸಬೇಕು. ಅನಂತರ ಸಂದೇಶ ಕೊನೆಯಾಗುವವರೆಗೆ ವರ್ಧನೆಯನ್ನು ಮುಟ್ಟಕೂಡದು.

ಮನುಷ್ಯನಿಗಾಗಿ ದುಡಿಯುವ ಗ್ರಾಹಕದಲ್ಲಿಯೂ ಇಬ್ಬರು ಕಾವಲುಗಾರರು ಒಬ್ಬರನ್ನೊಬ್ಬರು ಅರಿಯದೆ ಇದ್ದರೆ ಜಗಳ ತಪ್ಪದು. ಮೊದಲನೆಯವನ ವರ್ಧನೆ ಸಾಮಾನ್ಯವಾಗಿ ಹಂತಹಂತವಾಗಿ ಬದಲಾಗುವಂಥದು. ಅವನು ಒಂದೇ ಏಟಿಗೆ 3 ಡೆಸಿಬೆಲ್ ಇಳಿಸಿದರೆ ಎರಡನೆಯವನು ಸಂಕೇತವೇ ಕುಗ್ಗಿತೆಂದು ಭ್ರಮಿಸಿ ಏರಿಸಲು ತೊಡಗುವನು. ಕೇಳುವವನಿಗೆ ಧ್ವನಿ ತೂಗಿದಂತಾಗುತ್ತದೆ. ಆದುದರಿಂದ ಮುಂದೆ 3 ಇಳಿಸಿದ ಕ್ಷಣದಲ್ಲಿಯೇ ಹಿಂದೆ 3 ಏರಿಸಬೇಕು. ಇಳಿಸಿದ ಅಪ್ಪಣೆ ಜಾರಿಗೆ ಬರಲು ತಗಲುವ ಹೊತ್ತನ್ನೂ ಲೆಕ್ಕದಲ್ಲಿ ಹಿಡಿಯದಿದ್ದರೆ ‘ಟಿಕ್’ ಎಂಬ ಸದ್ದು ಉಳಿದುಬಿಡುತ್ತದೆ. ಹಾಗೆಯೇ ಮೊದಲನೆಯವನು ಇಳಿಸುವ ಮಟ್ಟಕ್ಕೂ ಏರಿಸುವ ಮಟ್ಟಕ್ಕೂ ನಡುವೆ ಹಂತಕ್ಕಿಂತ ದೊಡ್ಡದಾದ ಅಂತರವಿರಬೇಕು. ಇಲ್ಲವಾದರೆ ಗಡಿಯಲ್ಲಿರುವ ಸಂಕೇತಕ್ಕೆ ಅವನು ಏರಿಸುತ್ತ ಇಳಿಸುತ್ತ ಕುಳಿತುಬಿಡುವನು.

ಸಂಕೇತದ ನಿಜವಾದ ಬಲವನ್ನು ತಿಳಿಯಬೇಕಾದರೂ ಇಬ್ಬರ ಲೆಕ್ಕವನ್ನೂ ಕೂಡಿಸಬೇಕು. ಹ್ರಸ್ವ ತರಂಗಗಳಲ್ಲಿ ಏರಿಯಲ್ಲಿನ 50 ಮೈಕ್ರೊವೋಲ್ಟುಗಳಿಗೆ ‘ಎಸ್ 9’ ಎಂದು ಹೆಸರು. ಅಲ್ಲಿಂದ ಕೆಳಗೆ ಒಂದೊಂದು ಅಂಕಕ್ಕೂ 6 ಡೆಸಿಬೆಲ್. ಹೊರಬಂದ ಧ್ವನಿ ಯಾವಾಗಲೂ ಒಂದೇ ಮಟ್ಟದಲ್ಲಿರುವುದರಿಂದ ಅದನ್ನು ಅಳೆದು ಪ್ರಯೋಜನವಿಲ್ಲ. ಆ ಮಟ್ಟದಿಂದ ಎರಡೂ ವರ್ಧನೆಗಳನ್ನು ಕಳೆದರೆ ಉಳಿಯುವುದೇ ಏರಿಯಲ್ಲಿಗೆ ಬಂದ ಬಲ. ಹಳೆಯ ಹಸುರು ಕಣ್ಣು ಮಾಡುತ್ತಿದ್ದುದೂ ಇದೇ ವ್ಯವಕಲನವನ್ನು.

ಪ್ರೋಗ್ರಾಂ ಬರೆಯಬಲ್ಲ ವಿದ್ಯಾರ್ಥಿಗಳು ಇದನ್ನು ಗ್ರಾಹಕವಿಲ್ಲದೆಯೇ ಪರೀಕ್ಷಿಸಬಹುದು. ಪಾರವು ಮೊದಲು 0.01, ಅನಂತರ 1, ಆಮೇಲೆ 25, ಕೊನೆಗೆ ಮತ್ತೆ 0.01 ಆಗುವಂತೆ ಸಾವಿರ ಸಾವಿರ ಅಂಕಗಳ ನಾಲ್ಕು ತುಂಡುಗಳನ್ನು ಜೋಡಿಸಿ, ಮೇಲೆ ಹೇಳಿದ ನೇರ ಸೂತ್ರಕ್ಕೂ ಲಾಗರಿತಮ್ ಸೂತ್ರಕ್ಕೂ ಉಣಿಸಿ, ವರ್ಧನಾಂಕದ ನಕ್ಷೆಯನ್ನು ಎರಡು ಬಣ್ಣಗಳಲ್ಲಿ ಬರೆಯಿರಿ. ನೇರ ಸೂತ್ರದ ಗೆರೆಯು ಮೊದಲನೆಯ ತುಂಡಿನಲ್ಲಿ ಬೇಕಾದ ಎತ್ತರವನ್ನು ಮುಟ್ಟುವ ಮೊದಲೇ ತುಂಡು ಮುಗಿದುಹೋಗುತ್ತದೆ. ಮೂರನೆಯದರಲ್ಲಿ ಗರಗಸದ ಹಲ್ಲುಗಳಂತೆ ಕುಣಿಯುತ್ತದೆ. ಲಾಗರಿತಮ್ ಸೂತ್ರದ ಗೆರೆಯನ್ನು ಡೆಸಿಬೆಲ್‌ಗಳಲ್ಲಿ ಬರೆದರೆ ನಾಲ್ಕು ತುಂಡುಗಳಲ್ಲಿಯೂ ಒಂದೇ ವೇಗದಲ್ಲಿ ತಪ್ಪು ಕರಗುವುದು ಕಾಣುತ್ತದೆ. ಅನಂತರ ಏರುವ ಪಾಲನ್ನು ಇಳಿಯುವ ಪಾಲಿನ ನೂರನೆಯ ಒಂದಕ್ಕೆ ತಗ್ಗಿಸಿ, ಎರಡನೆಯ ತುಂಡಿನ ನಡುವೆ ಐದಾರು ಅಂಕಗಳನ್ನು ಮಾತ್ರ ಐವತ್ತು ಪಟ್ಟು ಹೆಚ್ಚಿಸಿ ನೋಡಿ; ಮಿಂಚಿನ ನಂತರದ ಕಿವುಡು ಎಷ್ಟು ಉದ್ದವೆಂಬುದು ನಕ್ಷೆಯ ಮೇಲೆ ಮೂಡುವುದು.